ಕೆಂಪು ದೀಪ ಮಿನುಗಿದರೆ ಪೆಟ್ಟಿಗೆ ಕೆಟ್ಟಿದೆಯಾ?

ಪ್ರಶ್ನೆ: ಗಾಳಿ ಮಳೆ ಬಂದಾಗಲೆಲ್ಲ ನಮ್ಮ ಫೈಬರ್ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗುತ್ತದೆ, ಇಂಟರ್ನೆಟ್ ಹೋಗುತ್ತದೆ. ಪೆಟ್ಟಿಗೆ ಬದಲಿಸಬೇಕಾ?
– ಓದುಗರು, ಸಕಲೇಶಪುರ

ಉತ್ತರ: ಈಗಲೇ ಬೇಡ. ಆ ಪೆಟ್ಟಿಗೆಗೆ ಓಎನ್‌ಟಿ ಅಂತಾರೆ. ಕೂದಲೆಳೆಯಷ್ಟು ಸಣ್ಣ ಗಾಜಿನ ತಂತಿಯಲ್ಲಿ ಬರುವ ಬೆಳಕನ್ನು ವಿದ್ಯುತ್ ಸಂಕೇತ ಮಾಡಿ ವೈಫೈಗೆ ಕೊಡೋದು ಅದರ ಕೆಲಸ. ಮನೆಗಳಿಗೆ ಫೈಬರ್ ಇಂಟರ್ನೆಟ್ ಕೊಡುವ ಜಿಪಾನ್ ಪದ್ಧತಿಯಲ್ಲಿ ಮನೆಗೆ ಬರುವ ಬೆಳಕಿನ ಅಲೆಯುದ್ದ 1490 ನ್ಯಾನೋಮೀಟರ್, ಹೊರಗೆ ಹೋಗುವುದರದ್ದು 1310, ಹಾಗಾಗಿ ಒಂದೇ ಎಳೆಯಲ್ಲಿ ಎರಡೂ ಬೆರೆಯದೆ ಓಡಾಡುತ್ತವೆ. ಎಲ್‌ಓಎಸ್ (ಸಿಗ್ನಲ್ ನಷ್ಟ ತೋರಿಸುವ) ದೀಪ ಕೆಂಪಾದರೆ ಬೆಳಕು ಪೆಟ್ಟಿಗೆ ಮುಟ್ಟುತ್ತಿಲ್ಲ ಎಂದರ್ಥ. ನಿಮ್ಮ ಕಡೆ ಸಿಲ್ವರ್ ಮರದ ಕೊಂಬೆ ಬಿದ್ದು ಕೇಬಲ್ ತುಂಡಾಗೋದೇ ಜಾಸ್ತಿ, ಅಲ್ವಾ? ಮೊದಲು ಪೆಟ್ಟಿಗೆ ಹಿಂದೆ ಕೇಬಲ್ ಮಡಚಿಕೊಂಡಿದೆಯಾ ನೋಡಿ, ಸರಿಯಿದ್ದರೆ ಲೈನ್‌ನವರನ್ನು ಕರೆಯಿರಿ. ಸುಮ್ನೆ ರೀಸೆಟ್ ಒತ್ತಬೇಡಿ, ಸೆಟ್ಟಿಂಗ್ ಎಲ್ಲ ಅಳಿಸಿಹೋಗಬಹುದು. ಬಿಚ್ಚಿದ ಎಳೆಯ ತುದಿಗೆ ಕಣ್ಣಿಡಲೇಬೇಡಿ, ಆ ಬೆಳಕು ಕಣ್ಣಿಗೆ ಕಾಣದಿದ್ದರೂ ಹಾನಿ ಮಾಡಬಹುದು.