ಬಾಟಲಿ ಖಾಲಿಯಾಯಿತು, ಕೋರ್ಸ್ ಮುಗಿಯಿತೇ?

ಪ್ರಶ್ನೆ: ಮಗಳಿಗೆ 14 ತಿಂಗಳು, ತೂಕ 10 ಕೆ.ಜಿ. ಕಿವಿ ಸೋಂಕಿಗೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ 457 ಎಂಬ ಆ್ಯಂಟಿಬಯೋಟಿಕ್ ಸಿರಪ್ ಕೊಟ್ಟಿದ್ದಾರೆ, 5 ಎಂ.ಎಲ್., ದಿನಕ್ಕೆರಡು ಸಲ, 10 ದಿನ. ಮೂರೇ ದಿನಕ್ಕೆ ಜ್ವರ, ನೋವು ಹೋಯಿತು, 30 ಎಂ.ಎಲ್. ಬಾಟಲಿಯೂ ಮುಗಿಯಿತು. ಮತ್ತೆ ತರಬೇಕೇ? ಒಮ್ಮೆ ಕುಡಿದ ತಕ್ಷಣ ವಾಂತಿ ಮಾಡಿದಳು, ಆಗ ಏನು ಮಾಡಬೇಕಿತ್ತು?

ಉತ್ತರ: ತರಲೇಬೇಕು. ದಿನಕ್ಕೆ 10 ಎಂ.ಎಲ್. ಎಂದರೆ 10 ದಿನಕ್ಕೆ 100 ಎಂ.ಎಲ್., ಅಂದರೆ ನಾಲ್ಕು ಬಾಟಲಿ. ಬಹಳ ಮನೆಗಳಲ್ಲಿ ಕೋರ್ಸ್ ನಿಲ್ಲುವುದೇ ಮೊದಲ ಬಾಟಲಿಯ ತಳದಲ್ಲಿ, ಏಕೆಂದರೆ ನೋವು ಇಳಿಯುವುದೂ ಔಷಧ ತೀರುವುದೂ ಒಟ್ಟಿಗೇ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಬೇಗ ನಿಲ್ಲಿಸಿದರೆ ಸೋಂಕು ಮರುಕಳಿಸುವುದು ಹೆಚ್ಚು; ಅದಕ್ಕೇ 10 ದಿನ. ದೊಡ್ಡ ಮಕ್ಕಳಿಗೆ, ಸೋಂಕು ತೀವ್ರವಲ್ಲದಿದ್ದರೆ, 5–7 ದಿನ ಸಾಕಾಗುತ್ತದೆ.

ಹೊಸ ಬಾಟಲಿ ಕೊಳ್ಳುವಾಗ ಲೇಬಲ್ ನೋಡಿ. 457ರಲ್ಲಿ ಪ್ರತಿ 5 ಎಂ.ಎಲ್.ಗೆ ಅಮಾಕ್ಸಿಸಿಲಿನ್ 400 ಮಿ.ಗ್ರಾಂ., ಉಳಿದ 57 ಕ್ಲಾವುಲನೇಟ್. ಡೋಸ್ ಲೆಕ್ಕ ಹಾಕುವುದು ಅಮಾಕ್ಸಿಸಿಲಿನ್ ಮೇಲೆ: ಕೆ.ಜಿ.ಗೆ ದಿನಕ್ಕೆ 80–90 ಮಿ.ಗ್ರಾಂ. ನಿಮ್ಮ ಮಗುವಿಗೆ 800, ಸರಿಯಾಗಿದೆ. ಅಂಗಡಿಯವರು 'ಅದು ಸ್ಟಾಕ್ ಇಲ್ಲ, ಇದೂ ಅದೇ' ಎಂದು 228.5 ಕೊಟ್ಟು, ನೀವು ಅದೇ 5 ಎಂ.ಎಲ್. ಹಾಕಿದರೆ ಮಗುವಿಗೆ ಸಿಗುವುದು ಅರ್ಧ ಡೋಸ್.

ಬಾಟಲಿಯಲ್ಲಿರುವ ಪುಡಿಯನ್ನು ಕಲಸುವಾಗ ಕುದಿಸಿ ಪೂರ್ತಿ ಆರಿಸಿದ ನೀರನ್ನೇ ಬಳಸಿ. ಮೊದಲು ಬಾಟಲಿಯ ಮೇಲಿನ ಗುರುತಿಗಿಂತ ಕೆಳಗೆ ಹಾಕಿ ಕುಲುಕಿ, ನೊರೆ ಇಳಿಯಲು ಬಿಡಿ, ಆಮೇಲೆ ಗುರುತಿನ ತನಕ ತುಂಬಿಸಿ. ನೊರೆಯನ್ನೇ ನೀರೆಂದುಕೊಂಡರೆ ಔಷಧ ಗಟ್ಟಿಯಾಗಿ ಡೋಸ್ ಹೆಚ್ಚಾಗುತ್ತದೆ. ಕಲಸಿದ ಮೇಲೆ ಫ್ರಿಜ್‌ನಲ್ಲಿ, ಫ್ರೀಜರ್‌ನಲ್ಲಲ್ಲ, 7 ದಿನ ಮಾತ್ರ. ಹಾಗಾಗಿ ನಾಲ್ಕನ್ನೂ ಒಟ್ಟಿಗೆ ಕಲಸಿಡಬೇಡಿ. ಪ್ರತಿ ಸಲ ಕುಲುಕಿ, ಸಿರಿಂಜ್‌ನಲ್ಲಿ ಅಳೆದು ಕೆನ್ನೆಯ ಒಳಬದಿಗೆ ನಿಧಾನವಾಗಿ ಬಿಡಿ. ಅಡುಗೆಮನೆಯ ಚಮಚಗಳು ಒಂದೊಂದೂ ಒಂದೊಂದು ಅಳತೆ. ಊಟದ ಆರಂಭದಲ್ಲಿ ಕೊಟ್ಟರೆ ಹೊಟ್ಟೆಗೆ ಹಿತ.

ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಅದೇ ಡೋಸ್ ಒಮ್ಮೆ ಮತ್ತೆ ಕೊಡಬಹುದು. ಆಮೇಲಾದರೆ ಬೇಡ. ಪ್ರತಿ ಸಲವೂ ವಾಂತಿಯಾದರೆ ವೈದ್ಯರಿಗೆ ತಿಳಿಸಿ. ಮರೆತ ಡೋಸನ್ನು ನೆನಪಾದಾಗ ಕೊಡಿ. ಮುಂದಿನದರ ಹೊತ್ತೇ ಹತ್ತಿರವಾಗಿದ್ದರೆ ಬಿಟ್ಟುಬಿಡಿ, ಎರಡನ್ನೂ ಸೇರಿಸಬೇಡಿ.

ಸ್ವಲ್ಪ ಭೇದಿ ಸಾಮಾನ್ಯ, ಅದಕ್ಕೆ ಔಷಧ ನಿಲ್ಲಿಸಬೇಕಿಲ್ಲ. ಆದರೆ ಮೈಮೇಲೆ ದದ್ದು ಎದ್ದರೆ ಮುಂದಿನ ಡೋಸ್‌ಗೆ ಮೊದಲೇ ವೈದ್ಯರನ್ನು ಕೇಳಿ. ಮುಖ ಊದಿದರೆ, ಉಸಿರಾಟ ಕಷ್ಟವಾದರೆ ನೇರ ಆಸ್ಪತ್ರೆಗೆ. ಜ್ವರ ಮರುಕಳಿಸಿದರೆ, ಕಿವಿಯ ಹಿಂದೆ ಕೆಂಪಾಗಿ ಊದಿಕೊಂಡರೆ ಅದೇ ದಿನ ತೋರಿಸಿ. ಕಿವಿಗೆ ಬಿಸಿ ಎಣ್ಣೆಯಂತೂ ಬೇಡವೇ ಬೇಡ. ಕೊನೆಯ ಬಾಟಲಿಯಲ್ಲಿ 20 ಎಂ.ಎಲ್. ಉಳಿಯುತ್ತದೆ, ಅದನ್ನು ಮುಂದಿನ ನೆಗಡಿಗೆಂದು ಎತ್ತಿಡದೆ ಎಸೆಯಿರಿ.