ವಿಮಾನದ ಸೀಟಿನ ಪ್ಲಗ್‌ಗೆ ಹಾಕಿದರೂ ಲ್ಯಾಪ್‌ಟಾಪ್ ಚಾರ್ಜ್ ಆಗುವುದಿಲ್ಲ, ಯಾಕೆ?

ಹೆಚ್ಚಿನ ಸಲ ಪ್ಲಗ್ ಕೆಟ್ಟಿರುವುದಿಲ್ಲ. ಪ್ರತಿ ಸೀಟಿಗೂ ಇಷ್ಟೇ ಕರೆಂಟ್ ಅಂತ ಮಿತಿ ಇರುತ್ತದೆ. ಚಾರ್ಜರ್ ಅದಕ್ಕಿಂತ ಜಾಸ್ತಿ ಎಳೆದರೆ ಪ್ಲಗ್ ತಾನಾಗಿಯೇ ಬಂದ್ ಆಗುತ್ತದೆ. ಬ್ಯಾಟರಿ ಖಾಲಿ ಇದ್ದಾಗಲೇ ಲ್ಯಾಪ್‌ಟಾಪ್ ಹೆಚ್ಚು ಎಳೆಯುವುದು, ಅಲ್ವಾ? ಹಾಗಾಗಿ ಪೂರ್ತಿ ಚಾರ್ಜ್ ಮಾಡಿಕೊಂಡೇ ವಿಮಾನ ಹತ್ತಿ. ನಿಮ್ಮ ಲ್ಯಾಪ್‌ಟಾಪ್‌ಗೆ ಹೊಂದುವುದಾದರೆ ದೊಡ್ಡ ಚಾರ್ಜರ್ ಬಿಟ್ಟು 45 ವ್ಯಾಟ್‌ನ ಯುಎಸ್‌ಬಿ-ಸಿ ಚಾರ್ಜರ್ ತನ್ನಿ. ನಿಧಾನವಾದರೂ ಚಾರ್ಜ್ ಆಗುತ್ತದೆ.

ಪವರ್ ಬ್ಯಾಂಕ್ ಇದ್ದರೆ ಕೈಚೀಲದಲ್ಲೇ ಇರಲಿ, ಚೆಕ್-ಇನ್ ಬ್ಯಾಗಿಗೆ ದಯವಿಟ್ಟು ಹಾಕಬೇಡಿ. ಬೆಂಕಿ ಹತ್ತಿದರೆ ಅಲ್ಲಿ ಯಾರ ಕೈಗೂ ಎಟುಕುವುದಿಲ್ಲ. ಸಾಮಾನ್ಯ ಮಿತಿ 100 ವ್ಯಾಟ್-ಅವರ್ (ಬ್ಯಾಟರಿಯಲ್ಲಿ ಹಿಡಿಸುವ ವಿದ್ಯುತ್ತಿನ ಅಳತೆ). 20,000 ಎಂಎಎಚ್‌ನದು ಸುಮಾರು 74 ಆಗುತ್ತದೆ. ಹಾರಾಟದಲ್ಲಿ ಅದನ್ನು ಬಳಸಲು ಕೆಲವು ವಿಮಾನ ಕಂಪನಿಗಳು ಬಿಡುವುದಿಲ್ಲ, ಮೊದಲೇ ನೋಡಿಕೊಳ್ಳಿ.

ವೈಫೈ ನಂಬಿ ಕೂರಬೇಡಿ. ಬೇಕಾದ ಫೈಲುಗಳನ್ನು ಮನೆಯಲ್ಲೇ ಇಳಿಸಿಕೊಳ್ಳಿ.