ಹೆಪ್ಪುಗಟ್ಟಿದ ಸರೋವರದಲ್ಲಿ ಗಾಳ ಹಾಕುವ ಮುನ್ನ

ಪ್ರಶ್ನೆ: ಗೆಳೆಯರ ಜೊತೆ ಮೊದಲ ಸಲ ಹೆಪ್ಪುಗಟ್ಟಿದ ಸರೋವರದ ಮೇಲೆ ಮೀನು ಹಿಡಿಯಲು ಹೋಗುತ್ತಿದ್ದೇನೆ. ಐಸ್ ಗಟ್ಟಿಯಾಗಿದೆ ಅಂತ ತಿಳಿಯುವುದು ಹೇಗೆ? ಏನೇನು ಒಯ್ಯಬೇಕು?

ಉತ್ತರ: ಐಸ್ ವಿಷಯದಲ್ಲಿ ಕಣ್ಣನ್ನು ನಂಬಬೇಡಿ, ಅಳತೆಯನ್ನು ನಂಬಿ. ತಿಳಿಯಾದ, ಗಟ್ಟಿ ಐಸ್ ಆದರೆ ನಡೆದು ಹೋಗುವವರಿಗೆ ಕನಿಷ್ಠ 4 ಇಂಚು ದಪ್ಪ ಬೇಕು. ಬೆಳ್ಳಗಿರುವ ಐಸಿನಲ್ಲಿ ಹಿಮ, ಗಾಳಿ ಸೇರಿರುತ್ತವೆ. ಅದರ ಬಲ ಸುಮಾರು ಅರ್ಧ, ಹಾಗಾಗಿ ದಪ್ಪ ದುಪ್ಪಟ್ಟು ಇರಬೇಕು. ಬೂದು ಬಣ್ಣಕ್ಕೆ ತಿರುಗಿದ್ದರೆ ಕಾಲಿಡಲೇಬೇಡಿ.

ದಡದಿಂದಲೇ ಹಾರೆಯಿಂದ ಮುಂದೆ ಕುಟ್ಟುತ್ತಾ ಹೆಜ್ಜೆ ಇಡಿ. ಒಂದೆರಡು ಏಟಿಗೇ ತೂತಾದರೆ ಬಂದ ದಾರಿಯಲ್ಲೇ ವಾಪಸ್ ಬನ್ನಿ. ತಡೆದರೆ ತೂತು ಕೊರೆದು, ಟೇಪಿನ ಕೊಕ್ಕೆಯನ್ನು ಐಸಿನ ಕೆಳ ಅಂಚಿಗೆ ಸಿಕ್ಕಿಸಿ ಅಳೆಯಿರಿ. ಒಂದೇ ಕಡೆ ಅಳೆದರೆ ಸಾಲದು. ತೊರೆ ಬಂದು ಸೇರುವಲ್ಲಿ, ಜೊಂಡು ಬೆಳೆದಲ್ಲಿ, ಸೇತುವೆ ಕೆಳಗೆ ಐಸ್ ತೆಳುವಾಗಿರುತ್ತದೆ. ಹಿಮ ಕಂಬಳಿಯ ಹಾಗೆ ಮುಚ್ಚಿದ್ದರೆ ಅದರ ಅಡಿ ಐಸ್ ನಿಧಾನವಾಗಿ ಬೆಳೆಯುತ್ತದೆ.

ನೀರಿಗೆ ಬಿದ್ದರೆ ಐಸಿಗೆ ಚುಚ್ಚಿ ಮೇಲೆ ಬರಲು, ಮೊಳೆ ತುದಿಯ ಎರಡು ಹಿಡಿಗಳಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಿ. ಬ್ಯಾಗಿನಲ್ಲಿಟ್ಟರೆ ಇದ್ದೂ ಇಲ್ಲದಂತೆ. ಲೈಫ್ ಜಾಕೆಟ್ ಕೂಡ ಬೇಕೇ ಬೇಕು. ನೀರಿಗೆ ಬಿದ್ದರೆ ಮೊದಲ ಒಂದು ನಿಮಿಷ ಉಸಿರು ಕಟ್ಟಿದಂತಾಗುತ್ತದೆ. ಗಾಬರಿಯಾಗದೆ ಉಸಿರನ್ನು ಹತೋಟಿಗೆ ತನ್ನಿ. ಕೈಕಾಲು ಮಾತು ಕೇಳುವುದು ಸುಮಾರು 10 ನಿಮಿಷ ಅಷ್ಟೇ. ಬಂದ ಕಡೆಗೇ ತಿರುಗಿ, ಮೊಳೆ ಚುಚ್ಚಿ, ಕಾಲು ಬಡಿಯುತ್ತಾ ಮೇಲೆ ಬನ್ನಿ. ಬಂದ ತಕ್ಷಣ ಎದ್ದು ನಿಲ್ಲಬೇಡಿ, ದೂರಕ್ಕೆ ಉರುಳಿಕೊಂಡು ಹೋಗಿ. ಗೆಳೆಯರು ಹತ್ತಿರ ಓಡಿ ಬರದೆ ದೂರದಿಂದಲೇ ಹಗ್ಗ ಎಸೆಯಬೇಕು. ಇದನ್ನು ಹೊರಡುವ ಮೊದಲೇ ಎಲ್ಲರೂ ಕೂತು ಮಾತಾಡಿಕೊಳ್ಳಿ.

ಟೆಂಟಿನೊಳಗೆ ಗ್ಯಾಸ್ ಹೀಟರ್ ಹಚ್ಚುವುದಾದರೆ ಗಾಳಿಯ ಕಿಂಡಿ ತೆರೆದಿಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಆದ್ದರಿಂದ ಅದರ ಅಲಾರಂ ಇರಲಿ. ಮೈಗೆ ತಾಗುವ ಬಟ್ಟೆ ಉಣ್ಣೆಯದಾಗಿರಲಿ, ಹತ್ತಿ ಬೇಡ. ಬೂಟಿಗೆ ಮುಳ್ಳಿನ ಪಟ್ಟಿ ಹಾಕಿ.

ಇನ್ನು ಮೀನಿನ ಮಾತು. 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ಅತಿ ಭಾರ, ಹಾಗಾಗಿ ಚಳಿಗಾಲದಲ್ಲಿ ತಳದ ನೀರೇ ಕೊಂಚ ಬೆಚ್ಚಗಿರುತ್ತದೆ. ತಳದಿಂದ ಒಂದಡಿ ಮೇಲೆ ಗಾಳ ಬಿಟ್ಟು ಶುರು ಮಾಡಿ. ಚಳಿಗೆ ಮೀನು ಜಾಸ್ತಿ ಓಡಾಡುವುದಿಲ್ಲ. ಸಣ್ಣ ಎರೆ ಹಾಕಿ, ಮೆಲ್ಲಗೆ ಎತ್ತಿ ಇಳಿಸಿ, ಸ್ವಲ್ಪ ತಡೆಯಿರಿ. ಎಷ್ಟೋ ಸಲ ಕಚ್ಚುವುದು ಆ ತಡೆದ ಗಳಿಗೆಯಲ್ಲೇ. 20 ನಿಮಿಷ ಕಾದರೂ ಕಚ್ಚದಿದ್ದರೆ ಜಾಗ ಬದಲಿಸಿ. ಆದರೆ ಅಲ್ಲಿಗೂ ಹಾರೆ ಕುಟ್ಟುತ್ತಲೇ ಹೋಗಿ.